ಮುಕ್ತ ವಾಣಿಜ್ಯದ ಲಾಭನಷ್ಟಗಳು: ಒಂದು ಐತಿಹಾಸಿಕ ವಿವೇಚನೆ

ಲೋಕವಾಣಿಜ್ಯವು ಸುಂಕದ ತಡೆಯಿಲ್ಲದೆ ನಡೆಯಬೇಕೆ, ಅಥವಾ ಪ್ರತಿಯೊಂದು ದೇಶವೂ ತನ್ನ ಬೆಳೆಯನ್ನೂ ಕೈಗಾರಿಕೆಯನ್ನೂ ಸುಂಕದ ಗೋಡೆ ಕಟ್ಟಿ ಕಾಪಾಡಿಕೊಳ್ಳಬೇಕೆ ಎಂಬ ಪ್ರಶ್ನೆಗೆ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಪಟ್ಟಿಗಳ ರೂಪದಲ್ಲಿ ಉತ್ತರ ಬರೆಯುತ್ತಾರೆ. ಒಂದು ಕಡೆ ಅನುಕೂಲಗಳು, ಇನ್ನೊಂದು ಕಡೆ ಪ್ರತಿಕೂಲಗಳು. ಕೊನೆಗೆ ಮಧ್ಯಮಮಾರ್ಗವೇ ಲೇಸೆಂಬ ಒಂದು ವಾಕ್ಯ. ಇಂಥ ಉತ್ತರಕ್ಕೆ ಅಂಕಗಳು ದೊರೆಯುವುದುಂಟು, ನಾವೂ ಕೊಟ್ಟಿದ್ದೇವೆ. ಆದರೆ ಲಾಭವು ಯಾರದು, ನಷ್ಟವು ಯಾರದು, ಇವೆರಡನ್ನೂ ತೂಗಿ ನಿರ್ಣಯಿಸುವ ಅಧಿಕಾರವಿದ್ದವರು ಯಾರು ಎಂಬ ಸಂಗತಿಗಳು ಪಟ್ಟಿಯೊಳಗೆ ಸೇರುವುದಿಲ್ಲ. ಇತಿಹಾಸಕಾರನಿಗೆ ಬೇಕಾದುದು ಅವೇ. ಪ್ರಕೃತ ಲೇಖನದಲ್ಲಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗೋಧಿ, ಅದೇ ಶತಮಾನದ ಭಾರತದ ಹತ್ತಿಬಟ್ಟೆ, ನಮ್ಮ ಕಾಲದ ಕರ್ನಾಟಕದ ರೇಷ್ಮೆ ಎಂಬ ಮೂರು ಸರಕುಗಳ ಚರಿತ್ರೆಯನ್ನು ಹಿಡಿದು ಈ ಪ್ರಶ್ನೆಯನ್ನು ವಿವೇಚಿಸಲು ಯತ್ನಿಸುತ್ತೇವೆ.

ಮೊದಲು ಸಿದ್ಧಾಂತದ ಮಾತು. ಮುಕ್ತ ವಾಣಿಜ್ಯದ ಪರವಾಗಿ ಇಂದಿಗೂ ಹೇಳಲಾಗುವ ಮುಖ್ಯ ವಾದವನ್ನು ಡೇವಿಡ್ ರಿಕಾರ್ಡೋ 1817ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಒಂದು ಸರಳವಾದ ಲೆಕ್ಕದಿಂದ ವಿವರಿಸಿದನು. ನಿರ್ದಿಷ್ಟ ಪ್ರಮಾಣದ ಬಟ್ಟೆಯನ್ನು ತಯಾರಿಸಲು ಇಂಗ್ಲೆಂಡಿನಲ್ಲಿ ಒಂದು ವರ್ಷಕ್ಕೆ 100 ಆಳುಗಳ ಶ್ರಮ ಬೇಕು, ದ್ರಾಕ್ಷಾಮದ್ಯಕ್ಕೆ 120 ಆಳುಗಳು ಬೇಕು ಎಂದಿಟ್ಟುಕೊಳ್ಳೋಣ. ಪೋರ್ಚುಗಲ್ಲಿನಲ್ಲಿ ಅಷ್ಟೇ ಬಟ್ಟೆಗೆ 90, ಅಷ್ಟೇ ಮದ್ಯಕ್ಕೆ 80 ಆಳುಗಳು ಸಾಕು. ಎರಡು ಕಸುಬುಗಳಲ್ಲಿಯೂ ಪೋರ್ಚುಗಲ್ಲೇ ಮುಂದು. ಹಾಗಿದ್ದ ಮೇಲೆ ಅದು ಇಂಗ್ಲೆಂಡಿನಿಂದ ಏನನ್ನಾದರೂ ಏಕೆ ಕೊಳ್ಳಬೇಕು? ಲೆಕ್ಕ ಹಾಕಿ ನೋಡಿದರೆ ಉತ್ತರ ದೊರೆಯುತ್ತದೆ. ಎರಡು ದೇಶಗಳೂ ತಮಗೆ ಬೇಕಾದುದನ್ನು ತಾವೇ ಮಾಡಿಕೊಂಡರೆ ಒಟ್ಟು 390 ಆಳುಗಳ ದುಡಿಮೆ ಬೇಕಾಗುವುದು. ಇಂಗ್ಲೆಂಡು ಇಬ್ಬರಿಗಾಗುವಷ್ಟು ಬಟ್ಟೆಯನ್ನೂ ಪೋರ್ಚುಗಲ್ಲು ಇಬ್ಬರಿಗಾಗುವಷ್ಟು ಮದ್ಯವನ್ನೂ ಮಾಡಿ ಬದಲಾಯಿಸಿಕೊಂಡರೆ 360 ಆಳುಗಳು ಸಾಕು. ಉಳಿದ 30 ಆಳುಗಳ ಶ್ರಮ ಎರಡು ದೇಶಗಳಿಗೂ ಸೇರಿದ ಲಾಭ. ಯಾವ ಕಸುಬಿನಲ್ಲಿ ತನ್ನ ಮೇಲ್ಮೆ ಹೆಚ್ಚೋ, ಅಥವಾ ತನ್ನ ಹಿಂದುಳಿಕೆ ಕಡಮೆಯೋ, ಅದನ್ನು ಹಿಡಿಯುವುದೇ ಪ್ರತಿಯೊಂದು ದೇಶಕ್ಕೂ ಶ್ರೇಯಸ್ಕರವೆಂಬುದು ರಿಕಾರ್ಡೋನ ನಿಲುವು.

ಈ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ; ಅನೇಕರು ಹುಡುಕಿ ಸೋತಿದ್ದಾರೆ. ಆದರೆ ಅದು ಹೇಳದೆ ಬಿಟ್ಟ ವಿಷಯಗಳು ಎರಡು. ಉಳಿದ 30 ಆಳುಗಳ ಶ್ರಮದಲ್ಲಿ ಯಾರ ಪಾಲು ಎಷ್ಟೆಂಬುದನ್ನು ಲೆಕ್ಕವು ತಾನಾಗಿ ನಿರ್ಧರಿಸುವುದಿಲ್ಲ. ಅಲ್ಲದೆ, ಪೋರ್ಚುಗಲ್ಲಿನ ನೇಯ್ಗೆಯವನು ಮಗ್ಗವನ್ನು ಬಿಟ್ಟು ಮರುದಿನವೇ ದ್ರಾಕ್ಷಿತೋಟಕ್ಕೆ ಹೋಗಿ ಅಷ್ಟೇ ಕೂಲಿ ಪಡೆಯುತ್ತಾನೆಂಬುದು ಅದರ ಗೃಹೀತ. ಚರಿತ್ರೆಯ ದೃಷ್ಟಿಯಿಂದ ಮತ್ತೊಂದು ಮಾತನ್ನೂ ಸೇರಿಸಬಹುದು. ಆ ಎರಡು ದೇಶಗಳ ನಡುವೆ ಬಟ್ಟೆ ಮತ್ತು ಮದ್ಯದ ವಿನಿಮಯವು ಬರಿಯ ಪೇಟೆಯ ಪ್ರೇರಣೆಯಿಂದ ಬೆಳೆದುದಲ್ಲ. 1703ರ ಮೆಥ್ಯುಯೆನ್ ಒಪ್ಪಂದದಂತೆ ಪೋರ್ಚುಗಲ್ಲು ಇಂಗ್ಲಿಷರ ಉಣ್ಣೆಬಟ್ಟೆಗೆ ಬಾಗಿಲು ತೆರೆಯಿತು. ಇಂಗ್ಲೆಂಡು ಪೋರ್ಚುಗಲ್ಲಿನ ಮದ್ಯಕ್ಕೆ ಫ್ರೆಂಚ್ ಮದ್ಯಕ್ಕಿಂತ ಮೂರನೆಯ ಒಂದು ಪಾಲು ಕಡಮೆ ಸುಂಕ ವಿಧಿಸಲು ಒಪ್ಪಿತು. ಸಿದ್ಧಾಂತಕ್ಕೆ ದೃಷ್ಟಾಂತವಾಗಿ ಬಂದ ವ್ಯಾಪಾರದ ಹಿಂದೆಯೇ ರಾಜನೀತಿಯ ಕೈಯಿತ್ತು.

ಇನ್ನು ಗೋಧಿಯ ಪ್ರಕರಣ. ನೆಪೋಲಿಯನ್ನನೊಡನೆ ಯುದ್ಧ ಮುಗಿದ 1815ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಧಾನ್ಯಶಾಸನವೊಂದನ್ನು ಮಾಡಿ, ಸ್ವದೇಶದ ಗೋಧಿಯ ಬೆಲೆ ಕ್ವಾರ್ಟರೊಂದಕ್ಕೆ 80 ಶಿಲಿಂಗು ಮುಟ್ಟುವವರೆಗೆ ಪರದೇಶದ ಗೋಧಿಯನ್ನು ಪೇಟೆಗೆ ಬಿಡಕೂಡದೆಂದು ವಿಧಿಸಿತು. ಆ ಪಾರ್ಲಿಮೆಂಟು ಬಹುಮಟ್ಟಿಗೆ ಜಮೀನುದಾರರ ಸಭೆಯೆಂಬುದನ್ನು ನೆನೆದರೆ ಶಾಸನದ ಉದ್ದೇಶವನ್ನು ಬೇರೆ ವಿವರಿಸಬೇಕಾಗಿಲ್ಲ. 1828ರಲ್ಲಿ ಬೆಲೆಯೊಡನೆ ಏರಿಳಿಯುವ ಸುಂಕ ಬಂದರೂ ರೊಟ್ಟಿ ತುಟ್ಟಿಯಾಗಿಯೇ ಉಳಿಯಿತು. ಇದನ್ನು ತೊಡೆದುಹಾಕಲು ಮ್ಯಾಂಚೆಸ್ಟರಿನಲ್ಲಿ 1838ರಿಂದ ನಡೆದ ಚಳವಳಿಯ ಮುಂದಾಳುಗಳಾದ ರಿಚರ್ಡ್ ಕಾಬ್ಡೆನ್ ಮತ್ತು ಜಾನ್ ಬ್ರೈಟ್ ಇಬ್ಬರೂ ಹತ್ತಿಯ ಉದ್ಯಮದವರು: ಒಬ್ಬನು ಬಟ್ಟೆಗೆ ಅಚ್ಚು ಹಾಕಿಸುವವನು, ಇನ್ನೊಬ್ಬನು ನೂಲಿನ ಗಿರಣಿಯವನು. ರೊಟ್ಟಿ ಅಗ್ಗವಾದರೆ ಕೂಲಿಯನ್ನೂ ಇಳಿಸಬಹುದೆಂಬುದೇ ಇವರ ಒಳಸಂಚೆಂದು ಚಾರ್ಟಿಸ್ಟ್ ಕಾರ್ಮಿಕರು ಶಂಕಿಸಿದುದು ಸಹಜವೇ ಆಗಿತ್ತು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಗೆ ರೋಗ ತಗುಲಿ ಕ್ಷಾಮದ ಸೂಚನೆ ಕಂಡಾಗ ಪ್ರಧಾನಿ ರಾಬರ್ಟ್ ಪೀಲ್ ತನ್ನ ಪಕ್ಷದ ನಿಲುವನ್ನೇ ತೊರೆದು ಶಾಸನದ ರದ್ದಿಗೆ ಮುಂದಾದನು. 1846ರ ಮೇ 15ರಂದು ಕಾಮನ್ಸ್ ಸಭೆಯಲ್ಲಿ ಮಸೂದೆಯ ಪರವಾಗಿ 327, ವಿರುದ್ಧವಾಗಿ 229 ಮತಗಳು ಬಂದುವು. ಪೀಲನ ಪಕ್ಷದವರಲ್ಲಿ ಹೆಚ್ಚಿನವರು ಅವನಿಗೆ ವಿರೋಧವಾಗಿ ಮತವಿತ್ತರು. ಜೂನ್ 25ರಂದು ಲಾರ್ಡ್ಸ್ ಸಭೆ ಮಸೂದೆಯನ್ನು ಅಂಗೀಕರಿಸಿತು. ಅದೇ ರಾತ್ರಿ ಐರ್ಲೆಂಡಿಗೆ ಸಂಬಂಧಿಸಿದ ಬೇರೊಂದು ಮಸೂದೆಯ ಮೇಲೆ ಕಾಮನ್ಸ್ ಸಭೆಯಲ್ಲಿ ಪೀಲನ ಸರಕಾರ ಸೋತು ಉರುಳಿತು.

ಇದರ ಫಲವೇನಾಯಿತೆಂದು ನೋಡುವಾಗ ಆತುರ ಪಡಬಾರದು. ಮುಂದಿನ ಮೂವತ್ತು ವರ್ಷಗಳ ಕಾಲ ಗೋಧಿಯ ಬೆಲೆ ಹೆಚ್ಚಾಗಿ ಕುಸಿಯಲಿಲ್ಲ. 50 ಶಿಲಿಂಗಿನ ಆಸುಪಾಸಿನಲ್ಲಿಯೇ ಏರಿಳಿಯುತ್ತಿತ್ತು. ಜಮೀನುದಾರರ ಭಯವೂ ಕಾಬ್ಡೆನ್ನನ ಆಶ್ವಾಸನೆಯೂ ಒಂದೇ ಸಮನಾಗಿ ಸುಳ್ಳಾದಂತೆ ಕಂಡುವು. ಅಮೆರಿಕದ ಬಯಲುಸೀಮೆಗೆ ರೈಲುಹಾದಿ ಬಂದು, ಹಬೆಹಡಗುಗಳ ಸಾಗಣೆ ಅಗ್ಗವಾದ ಮೇಲೆ, ಅಂದರೆ 1870ರ ಅನಂತರದ ದಶಕಗಳಲ್ಲಿ, ಧಾನ್ಯಪ್ರವಾಹವು ಇಂಗ್ಲೆಂಡಿನ ಬಂದರುಗಳಿಗೆ ನುಗ್ಗಿತು. 1894ರಲ್ಲಿ ಗೋಧಿಯ ಸರಾಸರಿ ಬೆಲೆ 22 ಶಿಲಿಂಗು 10 ಪೆನ್ಸಿಗೆ ಇಳಿದಿತ್ತು. ಗಿರಣಿಯ ಕೂಲಿಕಾರನ ಕೂಲಿ ಇಳಿಯಲಿಲ್ಲ, ರೊಟ್ಟಿ ಅಗ್ಗವಾಯಿತು. ಚಾರ್ಟಿಸ್ಟರ ಶಂಕೆ ನಿಜವಾಗಲಿಲ್ಲ. ಅತ್ತ ಹಳ್ಳಿಗಾಡಿನಲ್ಲಿ ಗೋಧಿಯ ಬಿತ್ತನೆಯ ನೆಲ ಇಪ್ಪತ್ತು ವರ್ಷಗಳಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ಬೇಸಾಯದ ಕೂಲಿಗಳು ಪಟ್ಟಣಗಳಿಗೂ ಸಮುದ್ರದಾಚೆಗೂ ಗುಳೆ ಹೋದರು. ಲಾಭವು ಕೋಟಿ ಜನರಿಗೆ ರೊಟ್ಟಿಯ ಚೂರಿನಂತೆ ಹಂಚಿಹೋಯಿತು, ನಷ್ಟವು ಕೆಲವು ಸೀಮೆಗಳ ಮೇಲೆ ಒಟ್ಟಾಗಿ ಬಿದ್ದಿತು. ಮುಕ್ತ ವಾಣಿಜ್ಯದ ಬಹುತೇಕ ವಿವಾದಗಳ ಸ್ವರೂಪ ಇದೇ ಆಗಿದೆ: ಲಾಭ ಪಡೆದವರಿಗೆ ಅದರ ಅರಿವೇ ಇರುವುದಿಲ್ಲ, ಕಳೆದುಕೊಂಡವರು ಮರೆಯುವುದಿಲ್ಲ.

ಧಾನ್ಯಪ್ರವಾಹವು ಯೂರೋಪಿನ ದೇಶಗಳೆಲ್ಲವನ್ನೂ ತಟ್ಟಿತು. ಆದರೆ ಅವು ಒಂದೇ ದಾರಿ ಹಿಡಿಯಲಿಲ್ಲ. ಬಿಸ್ಮಾರ್ಕನ ಜರ್ಮನಿ 1879ರಲ್ಲಿ ಧಾನ್ಯಕ್ಕೂ ಕಬ್ಬಿಣಕ್ಕೂ ಒಟ್ಟಿಗೆ ಸುಂಕ ಹಾಕಿತು. ಫ್ರಾನ್ಸು 1892ರಲ್ಲಿ ಮೆಲೀನನ ಸುಂಕಪಟ್ಟಿಯನ್ನು ಜಾರಿಗೆ ತಂದಿತು. ಡೆನ್ಮಾರ್ಕು ಮಾತ್ರ ಧಾನ್ಯವನ್ನು ಸುಂಕವಿಲ್ಲದೆ ಬರಗೊಟ್ಟು, ಅದನ್ನೇ ದನಗಳಿಗೂ ಹಂದಿಗಳಿಗೂ ಮೇವಾಗಿಸಿ, ಬೆಣ್ಣೆ ಮತ್ತು ಹಂದಿಮಾಂಸಗಳನ್ನು ಇಂಗ್ಲೆಂಡಿಗೆ ಮಾರತೊಡಗಿತು. ಅಲ್ಲಿಯ ಮೊದಲನೆಯ ಸಹಕಾರಿ ಹೈನುಶಾಲೆ 1882ರಲ್ಲಿ ಪಶ್ಚಿಮ ಜಟ್ಲೆಂಡಿನ ಹಳ್ಳಿಯೊಂದರಲ್ಲಿ ಆರಂಭವಾಯಿತು. ಭೂಮಿಯ ಒಡೆತನವಿದ್ದ, ಓದುಬರಹ ಬಲ್ಲ, ಪರಸ್ಪರ ನಂಬಿಕೆಯಿಂದ ಸಂಘ ಕಟ್ಟಬಲ್ಲ ರೈತವರ್ಗ ಅಲ್ಲಿದ್ದುದರಿಂದ ಇದು ಸಾಧ್ಯವಾಯಿತು. ರಿಕಾರ್ಡೋನ ಲೆಕ್ಕದಲ್ಲಿ ಮಗ್ಗ ಬಿಟ್ಟವನು ದ್ರಾಕ್ಷಿತೋಟಕ್ಕೆ ಹೋಗುವನೆಂಬ ಗೃಹೀತವಿದೆಯಷ್ಟೆ. ಡೆನ್ಮಾರ್ಕಿನಲ್ಲಿ ಅದು ನಿಜವಾಯಿತು. ಆದರೆ ತಾನಾಗಿ ಆಗಲಿಲ್ಲ.

ಐರ್ಲೆಂಡಿನ ಮಾತನ್ನು ಇಲ್ಲಿಗೇ ಬಿಡುವಂತಿಲ್ಲ. ಯಾರ ಹಸಿವನ್ನು ನೆಪವಾಗಿಟ್ಟು ಶಾಸನವನ್ನು ರದ್ದುಮಾಡಿದರೋ ಆ ಐರಿಷರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಕೊಳ್ಳಲು ಹಣವಿಲ್ಲದವನಿಗೆ ಧಾನ್ಯ ಅಗ್ಗವಾದರೇನು? ಪೀಲನ ತರುವಾಯ ಬಂದ ಸರಕಾರವು ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬ ತತ್ತ್ವಕ್ಕೆ ಜೋತುಬಿದ್ದುದರಿಂದ, ಜನ ಸಾಯುತ್ತಿದ್ದಾಗಲೂ ಆ ದ್ವೀಪದಿಂದ ಆಹಾರಪದಾರ್ಥಗಳು ಹೊರಗೆ ಹೋಗುತ್ತಲೇ ಇದ್ದುವು. ಸುಮಾರು ಹತ್ತು ಲಕ್ಷ ಜನ ಮಡಿದರು. ಅಷ್ಟೇ ಸಂಖ್ಯೆಯ ಅಥವಾ ಅದಕ್ಕೂ ಹೆಚ್ಚಿನ ಜನ ದೇಶ ಬಿಟ್ಟರು.

ಈಗ ಹತ್ತಿಬಟ್ಟೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಭಾರತದ ಬಟ್ಟೆಗಳಿಗೆ ಇಂಗ್ಲೆಂಡಿನಲ್ಲಿ ಶೇಕಡ 70, 80ರಷ್ಟು ಸುಂಕ ವಿಧಿಸಲಾಗುತ್ತಿತ್ತು. ಇಂಗ್ಲಿಷ್ ಬಟ್ಟೆಗಳಿಗೆ ಭಾರತದಲ್ಲಿದ್ದ ಸುಂಕ ಹೆಸರಿಗೆ ಮಾತ್ರ. ಮುಕ್ತ ವಾಣಿಜ್ಯದ ಮಂತ್ರವನ್ನು ಲ್ಯಾಂಕಷೈರು ಜಪಿಸತೊಡಗಿದುದು ತನ್ನ ಯಂತ್ರಗಳಿಗೆ ಎದುರಿಲ್ಲವೆಂದು ಖಚಿತವಾದ ಮೇಲೆ. ಹೊಸ ಕೈಗಾರಿಕೆಗೆ ಬೆಳೆಯುವವರೆಗೆ ರಕ್ಷಣೆ ಬೇಕೆಂದು 1841ರ ತನ್ನ ಗ್ರಂಥದಲ್ಲಿ ವಾದಿಸಿದ ಜರ್ಮನಿಯ ಫ್ರೀಡ್ರಿಕ್ ಲಿಸ್ಟನು ಇಂಗ್ಲೆಂಡಿನ ಈ ನಡತೆಯನ್ನು ಕಟುವಾಗಿ ಟೀಕಿಸಿದ್ದನು.

1854ರಲ್ಲಿ ಮುಂಬಯಿಯಲ್ಲಿ ಮೊದಲ ಹತ್ತಿಗಿರಣಿ ಸ್ಥಾಪನೆಯಾಯಿತು. ಇಪ್ಪತ್ತು ವರ್ಷಗಳೊಳಗೆ ಈ ಗಿರಣಿಗಳ ಒರಟುಬಟ್ಟೆ ಮ್ಯಾಂಚೆಸ್ಟರಿಗೆ ಚಿಂತೆ ಹುಟ್ಟಿಸಿತು. ಭಾರತ ಸರಕಾರವು ಆದಾಯಕ್ಕಾಗಿ ವಿಧಿಸುತ್ತಿದ್ದ ಶೇಕಡ 5ರ ಆಮದು ಸುಂಕವೇ ಮುಂಬಯಿಗೆ ಅನ್ಯಾಯದ ರಕ್ಷಣೆಯಾಗಿದೆಯೆಂದು 1874ರಲ್ಲಿ ಮ್ಯಾಂಚೆಸ್ಟರಿನ ವಾಣಿಜ್ಯಮಂಡಲಿ ಅಹವಾಲು ಸಲ್ಲಿಸಿತು. ವೈಸರಾಯ್ ನಾರ್ತ್‌ಬ್ರೂಕ್ ಮಣಿಯಲಿಲ್ಲ. ಇತರ ಭಿನ್ನಾಭಿಪ್ರಾಯಗಳೂ ಸೇರಿ 1876ರಲ್ಲಿ ಅಧಿಕಾರ ಬಿಟ್ಟನು. 1877ರಲ್ಲಿ ಕಾಮನ್ಸ್ ಸಭೆ ಸುಂಕವನ್ನು ತೆಗೆಯಬೇಕೆಂದು ಠರಾವು ಮಾಡಿತು. 1879ರಲ್ಲಿ ಲಾರ್ಡ್ ಲಿಟ್ಟನ್ ತನ್ನ ಕೌನ್ಸಿಲಿನ ಬಹುಮತವನ್ನು ತಳ್ಳಿಹಾಕಿ ಒರಟುಬಟ್ಟೆಯ ಸುಂಕವನ್ನು ರದ್ದುಮಾಡಿದನು. ಕಾಲವನ್ನು ಗಮನಿಸಬೇಕು. ಧಾತು, ಈಶ್ವರ ಸಂವತ್ಸರಗಳ ಘೋರ ಕ್ಷಾಮ ಆಗತಾನೆ ಮುಗಿದಿತ್ತು. 1871ರ ಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕಿಳಿದಿದ್ದಿತು. ಆ ಕ್ಷಾಮದಲ್ಲಿಯೂ ಧಾನ್ಯದ ವ್ಯಾಪಾರವನ್ನು ಅದರ ಪಾಡಿಗೆ ಬಿಡಬೇಕೆಂಬುದೇ ಲಿಟ್ಟನ್ನನ ಸರಕಾರದ ನೀತಿಯಾಗಿತ್ತು. ಐರ್ಲೆಂಡಿನಲ್ಲಿ ಕಲಿಯಬಹುದಾಗಿದ್ದ ಪಾಠವನ್ನು ಕಲಿತಿರಲಿಲ್ಲ. ಕ್ಷಾಮದಿಂದಲೂ ಆಫ್ಘನ್ ಯುದ್ಧದಿಂದಲೂ ಬೊಕ್ಕಸ ಬರಿದಾಗಿದ್ದ ವರ್ಷದಲ್ಲಿ ಇದ್ದ ಆದಾಯವನ್ನೂ ಬಿಟ್ಟುಕೊಟ್ಟುದು ಯಾರ ಹಿತಕ್ಕೆಂಬುದನ್ನು ಅಂದಿನ ಭಾರತೀಯರು ಕೇಳದೆ ಇರಲಿಲ್ಲ. 1882ರಲ್ಲಿ ಉಪ್ಪು, ಮದ್ಯ ಮೊದಲಾದ ಕೆಲವನ್ನುಳಿದು ಎಲ್ಲ ಆಮದು ಸುಂಕಗಳೂ ಹೋದುವು.

ರೂಪಾಯಿಯ ಬೆಲೆ ಕುಸಿದು ಆಯವ್ಯಯ ತೂಗದಾದಾಗ 1894ರಲ್ಲಿ ಸುಂಕವನ್ನು ಮತ್ತೆ ತರಬೇಕಾಯಿತು. ಆಗ ನಡೆದುದು ಸುಂಕಗಳ ಚರಿತ್ರೆಯಲ್ಲಿಯೇ ವಿಚಿತ್ರವಾದುದು. ಆಮದಾಗುವ ಬಟ್ಟೆಗೆ ಸುಂಕ ಹಾಕಿದರೆ ಭಾರತದ ಗಿರಣಿಗೆ ಅನುಕೂಲವಾಗಬಾರದಲ್ಲ! ಆದ್ದರಿಂದ ಭಾರತದ ಗಿರಣಿಗಳ ಸರಕಿನ ಮೇಲೆಯೂ ಸರಿಸಮವಾದ ಒಳತೆರಿಗೆಯನ್ನು ಹೇರಲಾಯಿತು. 1896ರಲ್ಲಿ ಎರಡನ್ನೂ ಶೇಕಡ ಮೂರೂವರೆಗೆ ನಿಗದಿ ಮಾಡಿದರು. ತನ್ನ ನೆಲದಲ್ಲಿ ತಾನು ಮಾಡಿದ ಬಟ್ಟೆಗೆ, ಪರದೇಶದ ಬಟ್ಟೆಗೆ ತೊಂದರೆಯಾಗದಿರಲೆಂದು, ತೆರಿಗೆ ತೆರಬೇಕಾದ ಈ ವ್ಯವಸ್ಥೆ 1925ರ ಕೊನೆಯವರೆಗೆ ಜಾರಿಯಲ್ಲಿದ್ದು 1926ರಲ್ಲಿ ಶಾಸನಬದ್ಧವಾಗಿ ರದ್ದಾಯಿತು.

ಇಲ್ಲಿ ನ್ಯಾಯಕ್ಕಾಗಿ ಎದುರುವಾದವನ್ನೂ ಹೇಳಬೇಕು. ಲ್ಯಾಂಕಷೈರಿನ ಬಟ್ಟೆ ಅಗ್ಗವಾಗಿದ್ದಿತು; ಅದನ್ನು ಕೊಂಡುಟ್ಟವರು ಭಾರತದ ಬಡವರೇ. ಯಂತ್ರದ ನೂಲು ಕೈರಾಟೆಯ ಹೆಂಗಸರ ಸಂಪಾದನೆಯನ್ನು ನುಂಗಿತು, ನಿಜ. ಅದೇ ಅಗ್ಗದ ನೂಲಿನಿಂದ ಕೈಮಗ್ಗದವರಲ್ಲಿ ಅನೇಕರು ಉಳಿದುಕೊಂಡರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಲ್ಯಾಂಕಷೈರಿಗೆ ಅಮೆರಿಕದ ಹತ್ತಿ ನಿಂತುಹೋದಾಗ ಧಾರವಾಡ ಸೀಮೆಯ ಹತ್ತಿ ಬೆಳೆಗಾರರು ಹಿಂದೆಂದೂ ಕಾಣದ ಬೆಲೆಯನ್ನು ಕಂಡರು. ಯುದ್ಧ ಮುಗಿದೊಡನೆ ಆ ಬೆಲೆ ಇಳಿದುಹೋದುದನ್ನೂ ಕಂಡರು. ಲೋಕದ ಪೇಟೆಗೆ ಸೇರಿದವನಿಗೆ ಅದರ ಏರೂ ಇಳಿತವೂ ಎರಡೂ ಪಾಲು. ಇನ್ನೊಂದು ತೊಡಕಾದ ನಿದರ್ಶನ ಜಪಾನಿನದು. 1866ರ ಒಪ್ಪಂದದಿಂದ ಅದರ ಸುಂಕವೂ ಶೇಕಡ 5ಕ್ಕೆ ಕಟ್ಟುಬಿದ್ದಿತ್ತು. ಸುಂಕದ ಪೂರ್ಣ ಸ್ವಾತಂತ್ರ್ಯ ದೊರೆತುದು 1911ರಲ್ಲಿ. ಆ ಅವಧಿಯಲ್ಲಿಯೇ ಜಪಾನು ಕೈಗಾರಿಕೆಯನ್ನು ಕಟ್ಟಿಕೊಂಡಿತು. ಸುಂಕವೊಂದೇ ಸರ್ವಸ್ವವೆಂದು ನಂಬುವ ನಮ್ಮ ಸ್ವದೇಶೀವಾದಿಗಳು ಇದಕ್ಕೆ ಸರಿಯಾದ ಸಮಾಧಾನ ಹೇಳಿದಂತಿಲ್ಲ. ಸುಂಕ ಕೈಯಲ್ಲಿಲ್ಲದಿದ್ದರೂ ಶಾಲೆ, ಬ್ಯಾಂಕು, ಹಡಗು, ಯಂತ್ರಗಳ ವಿಷಯದಲ್ಲಿ ನಿರ್ಧಾರ ಮಾಡಬಲ್ಲ ತನ್ನದೇ ಆದ ಸರಕಾರ ಜಪಾನಿಗಿತ್ತೆಂಬುದೇ ನಮಗೆ ತೋರುವ ಉತ್ತರ. ಇಂಗ್ಲೆಂಡಿನ ಗೋಧಿಯ ವಿಷಯದಲ್ಲಿಯೂ ಸೋತವರು ಮತ್ತು ಗೆದ್ದವರು, ಎಷ್ಟೇ ಅಸಮವಾಗಿಯಾದರೂ, ಒಂದೇ ಪಾರ್ಲಿಮೆಂಟಿನ ಮುಂದೆ ವಾದಿಸಬಹುದಾಗಿತ್ತು. ಮುಂಬಯಿಯ ಗಿರಣಿಯವನಿಗೂ ಮೈಸೂರಿನ ರೈತನಿಗೂ ಅಂಥ ಸಭೆಯಿರಲಿಲ್ಲ. ಸಿದ್ಧಾಂತ ಒಂದೇ, ಅದನ್ನು ಪ್ರಯೋಗಿಸಿದ ಕೈ ಬೇರೆ.

ಸ್ವತಂತ್ರ ಭಾರತವು ಸುಂಕವನ್ನು ಗೋಡೆಯಾಗಿ ಕಟ್ಟಿದುದರ ಹಿನ್ನೆಲೆ ಈ ನೆನಪು. 1947ರಲ್ಲಿ ಜಿನೀವಾದಲ್ಲಿ 23 ದೇಶಗಳು ಸುಂಕ ಮತ್ತು ವಾಣಿಜ್ಯದ ಸಾಮಾನ್ಯ ಒಪ್ಪಂದಕ್ಕೆ ಸಹಿ ಹಾಕಿದಾಗ ಭಾರತವೂ ಅವುಗಳಲ್ಲೊಂದಾಗಿತ್ತು; ಆದರೂ ಮುಂದಿನ ನಾಲ್ಕು ದಶಕಗಳಲ್ಲಿ ಲೈಸೆನ್ಸು ಮತ್ತು ಸುಂಕಗಳು ಒಟ್ಟಾಗಿ ಬೆಳೆದುವು. ರಕ್ಷಣೆ ಪಡೆದ ಶಿಶು ಕೈಗಾರಿಕೆಗಳಲ್ಲಿ ಕೆಲವು ಮುಪ್ಪಿನವರೆಗೂ ಶಿಶುಗಳಾಗಿಯೇ ಉಳಿದುವೆಂಬ ಪರಿಹಾಸ್ಯದಲ್ಲಿ ಸತ್ಯಾಂಶವಿದೆ. 1991ರಲ್ಲಿ ವಿದೇಶೀ ವಿನಿಮಯದ ಬಿಕ್ಕಟ್ಟು ಬಂದಾಗ ಕೆಲವು ಸರಕುಗಳ ಆಮದು ಸುಂಕ ಶೇಕಡ 300ನ್ನು ಮೀರಿತ್ತು. ಆ ವರ್ಷದ ಆಯವ್ಯಯದಲ್ಲಿ ಗರಿಷ್ಠ ದರವನ್ನು ಶೇಕಡ 150ಕ್ಕೆ ಇಳಿಸಲಾಯಿತು; ಕೃಷಿಯೇತರ ಸರಕುಗಳ ಮಟ್ಟಿಗೆ ಅದು 2007ರ ವೇಳೆಗೆ ಶೇಕಡ 10ಕ್ಕೆ ಬಂದಿತ್ತು. 1995ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆ ಸ್ಥಾಪನೆಯಾದಾಗ ಶ್ರೀಮಂತ ದೇಶಗಳು ತಮ್ಮ ಉಡುಪಿನ ಕೈಗಾರಿಕೆಯನ್ನು ಕಾಪಾಡಲು 1974ರಿಂದ ಇಟ್ಟುಕೊಂಡಿದ್ದ ಪಾಲುಪದ್ಧತಿಯನ್ನು ಹಂತಹಂತವಾಗಿ ಬಿಡಬೇಕೆಂದಾಯಿತು. 2005ರ ಜನವರಿ 1ಕ್ಕೆ ಅದು ಕೊನೆಗೊಂಡಿತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತ ಲಕ್ಷಾಂತರ ಹೆಂಗಸರ ಸಂಬಳ, ಅದು ಎಷ್ಟೇ ಅಲ್ಪವಾಗಿರಲಿ, ಪರದೇಶದ ಪೇಟೆ ತೆರೆದಿರುವುದರಿಂದ ಬರುವಂಥದು. ಸುಂಕದ ಗೋಡೆಯನ್ನು ಹೊಗಳುವವರು ಪರರೂ ಅದೇ ಗೋಡೆ ಕಟ್ಟಿದರೆ ಇವರ ಗತಿಯೇನೆಂಬುದನ್ನು ಯೋಚಿಸಬೇಕು.

ಇದೇ ತೆರೆದ ಬಾಗಿಲಿನ ಇನ್ನೊಂದು ಮುಖ ಬೆಂಗಳೂರಿನಿಂದ ಐವತ್ತು ಕಿಲೋಮೀಟರಿನಾಚೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕಾಣುತ್ತದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಕುಟುಂಬಕ್ಕೆ ಒಂದು ಬೆಳೆ ಒಂದು ತಿಂಗಳೊಳಗೆ ಕೈಗೆ ಬರುತ್ತದೆ. ಸಣ್ಣ ಹಿಡುವಳಿದಾರನಿಗೆ ವರ್ಷದಲ್ಲಿ ಹಲವು ಬಾರಿ ನಗದು ಹಣ ತರುವ ಕಸುಬು ಇಂಥದು ಮತ್ತೊಂದಿಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಜಪಾನು ಮತ್ತು ಚೀನಗಳ ರೇಷ್ಮೆ ಅಗ್ಗವಾಗಿ ಬಂದು ಮೈಸೂರಿನ ರೇಷ್ಮೆ ತತ್ತರಿಸಿದಾಗ, ಸುಂಕ ಮಂಡಲಿಯ ವಿಚಾರಣೆ ನಡೆದು 1934ರಲ್ಲಿ ರಕ್ಷಣಸುಂಕ ದೊರೆತಿತ್ತು. ಎಂಬತ್ತು ವರ್ಷಗಳಾಗುವುದರೊಳಗೆ ಅದೇ ಪ್ರಶ್ನೆ ಮರಳಿ ಬಂದಿತು. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದ ತರುವಾಯ ಗೂಡಿನ ಬೆಲೆ ತೀವ್ರವಾಗಿ ಕುಸಿಯಿತು; ಬೆಳೆಗಾರರು ಬೀದಿಗಿಳಿದರು; ಹಿಪ್ಪುನೇರಳೆಯನ್ನು ಕಿತ್ತುಹಾಕಿದವರೂ ಉಂಟು.

ಆದರೆ ಸುಂಕ ಇಳಿಸಬೇಕೆಂದು ಕೇಳಿದವರೂ ಪರದೇಶದ ಧನಿಕರಲ್ಲ. ಚೀನದ ದ್ವಿತಳಿ ರೇಷ್ಮೆಯ ಎಳೆ ಉದ್ದಕ್ಕೂ ಒಂದೇ ಸಮನಾಗಿದ್ದು ವಿದ್ಯುನ್ಮಗ್ಗದ ಹಾಸಿಗೆ ಒಗ್ಗುತ್ತದೆ. ನಮ್ಮ ಮಿಶ್ರತಳಿಯ ನೂಲು ಅಷ್ಟು ತಡೆಯುವುದಿಲ್ಲ. ನೂಲಿನ ಬೆಲೆ ಏರಿದರೆ ಮಗ್ಗ ನಿಲ್ಲುತ್ತದೆಂದು ನೇಕಾರರು ಹೇಳುವುದು ನಿಜವೇ. ಹೀಗೆ ಒಂದೇ ನಾಡಿನ ಇಬ್ಬರು ಬಡವರು, ಹುಳು ಸಾಕುವವನು ಮತ್ತು ಸೀರೆ ನೇಯುವವನು, ಒಂದೇ ಸುಂಕದ ಎರಡು ತುದಿಗಳನ್ನು ಹಿಡಿದೆಳೆಯುತ್ತಾರೆ. ರಿಕಾರ್ಡೋನ ಲೆಕ್ಕದಿಂದ ಇಬ್ಬರ ಒಟ್ಟು ಲಾಭವನ್ನು ತಿಳಿಯಬಹುದು. ಒಬ್ಬನು ಗಳಿಸಿದುದರಲ್ಲಿ ಇನ್ನೊಬ್ಬನಿಗೆ ಪಾಲು ಕೊಡಿಸುವ ಉಪಾಯ ಅದರಲ್ಲಿಲ್ಲ. ಲ್ಯಾಂಕಷೈರಿನ ಕಾಲಕ್ಕೂ ಇಂದಿಗೂ ಇರುವ ವ್ಯತ್ಯಾಸವೆಂದರೆ, ಈ ಇಬ್ಬರೂ ತಮ್ಮ ಅಹವಾಲನ್ನು ತಾವೇ ಆರಿಸಿದ ಸರಕಾರದ ಮುಂದಿಡಬಲ್ಲರು. 2013ರಲ್ಲಿ ಸುಂಕವನ್ನು ಶೇಕಡ 15ಕ್ಕೆ ಏರಿಸಿದುದು ಇಂಥ ಒತ್ತಾಯದ ಫಲವೇ.

ಆ ಬಳಿಕ ಕರ್ನಾಟಕದಲ್ಲಿ ದ್ವಿತಳಿ ಗೂಡಿನ ಬೆಳೆಗೆ ಪ್ರೋತ್ಸಾಹಧನವೂ ನೂಲು ಬಿಚ್ಚಣಿಕೆಯ ಸ್ವಯಂಚಾಲಿತ ಘಟಕಗಳಿಗೆ ಸಹಾಯಧನವೂ ದೊರೆತು, ಶಿಡ್ಲಘಟ್ಟ ಮತ್ತು ರಾಮನಗರಗಳಲ್ಲಿ ಹೊಸ ಯಂತ್ರಗಳು ಬಂದಿವೆ. ಚೀನದ ನೂಲಿಗೆ ಸರಿಗಟ್ಟುವ ನೂಲು ಅವುಗಳಿಂದ ಹೊರಬರುತ್ತಿದೆ. ಆ ಯಂತ್ರಗಳಲ್ಲಿ ಮೊದಮೊದಲು ಬಂದುವುಗಳನ್ನು ತರಿಸಿಕೊಂಡುದು ಚೀನದಿಂದಲೇ.